ನಾನು ನಿಮ್ಮನ್ನು ನೋಡಿ ನಕ್ಕಿದ್ದು ತಪ್ಪಾಯಿತು

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವ, ಹಾಕದೆಯೂ ಇರಬಲ್ಲ ಮಾನ್ಯ ವೈದ್ಯಾಧಿಕಾರಿಗಳೇ,

ಏಳು ನಿಮಿಷ ನನ್ನನ್ನು ನೋಡಿ, ನನಗೆ ಆಟಿಸಂ ಇಲ್ಲವೆಂದು ನೀವು ಬರೆದಿರಿ. ಅದರಿಂದಾಗಿ ಇವತ್ತು ನನಗೆ ಕಾಲೇಜೂ ಇಲ್ಲ. ನೀವು ಮರೆತಿರಬಹುದು. ನಾನು ಮರೆತಿಲ್ಲ. ನಿಮ್ಮ ಮೇಜಿನ ಗಾಜಿನ ಎಡಮೂಲೆ ಒಡೆದಿತ್ತು, ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು.

“ಮುಖ ನೋಡಿ ಮಾತಾಡ್ತಾಳೆ, ನಗ್ತಾಳೆ, ಎಂಬತ್ತೆಂಟು ಪರ್ಸೆಂಟ್ ತಗೊಂಡಿದ್ದಾಳೆ. ಇನ್ನೇನಮ್ಮ ಬೇಕು ನಿಮಗೆ?” ಎಂದು ನನ್ನ ಅಮ್ಮನನ್ನು ಕೇಳಿದಿರಿ. ಅಮ್ಮ ಹನ್ನೆರಡು ವರ್ಷದ ವರದಿಗಳ ಕಟ್ಟನ್ನು ಮುಂದಿಟ್ಟಳು. “ಚಿಕ್ಕವಳಿದ್ದಾಗ ಇತ್ತೇನೋ. ಈಗ ಸರಿಹೋಗಿದೆ, ಖುಷಿಪಡಿ” ಎಂದು, ದಾರವನ್ನೂ ಬಿಚ್ಚದೆ ವಾಪಸು ತಳ್ಳಿದಿರಿ. ಮುಚ್ಚಿದ ಕಟ್ಟನ್ನು ಓದಬಲ್ಲ ನಿಮ್ಮ ದಿವ್ಯದೃಷ್ಟಿಗೆ ದೊಡ್ಡ ನಮಸ್ಕಾರ.

ಆ ನೋಟ, ಆ ನಗು ಎಲ್ಲಿಂದ ಬಂದವೆಂದು ಕೇಳಿದ್ದರೆ ಹೇಳುತ್ತಿದ್ದೆ. ಐದು ವರ್ಷದವರೆಗೆ ನಾನು ಮಾತಾಡಲಿಲ್ಲ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುತ್ತಿದ್ದೆ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ನನ್ನ ಚಿಕ್ಕಮ್ಮ, ರಜೆ ಸಿಕ್ಕಾಗಲೆಲ್ಲ ನನ್ನನ್ನು ಎದುರು ಕೂರಿಸಿಕೊಳ್ಳುತ್ತಿದ್ದಳು. “ಕಣ್ಣು ನೋಡೋಕಾಗ್ದಿದ್ರೆ ಹುಬ್ಬಿನ ಮಧ್ಯ ನೋಡೇ. ಒಂದು, ಎರಡು, ಮೂರು ಎಣಿಸು, ಆಮೇಲೆ ಎಲ್ಲಾದ್ರೂ ನೋಡು. ದಿನಾ ಸಾವಿರ ಜನಕ್ಕೆ ನಾನೂ ಹಾಗೇ ಮಾಡೋದು, ಒಬ್ರಿಗೂ ಗೊತ್ತಾಗಿಲ್ಲ!” ಎಂದು ತಾನೇ ನಗುತ್ತಿದ್ದಳು. ಅವಳ ನಗುವನ್ನು ನೋಡಿ, ಕನ್ನಡಿ ಮುಂದೆ ನಾನು ನಗು ಕಲಿತೆ. ಕಾಲೇಜಿಗೆ ಸೇರುವ ಮೊದಲು, ಬೇಸಿಗೆ ರಜೆಯಲ್ಲಿ, ಕಾವಲುಗಾರನನ್ನು ಕೇಳಿಕೊಂಡು ಜಾಗ ರೂಢಿಯಾಗಲೆಂದು ಇಬ್ಬರೂ ಅಲ್ಲಿನ ಮೆಟ್ಟಿಲುಗಳನ್ನು ಹನ್ನೊಂದು ಸಲ ಹತ್ತಿ ಇಳಿದೆವು. ಹಾಜರಿ ಕೂಗಿದಾಗ ಎಷ್ಟು ಗಟ್ಟಿಯಾಗಿ ಉತ್ತರಿಸಬೇಕೆಂದೂ ಅಭ್ಯಾಸ ಮಾಡಿದೆವು. ಹೀಗೆ ಕಲಿತದ್ದನ್ನು ಜನರ ಮುಂದೆ ಮಾಡಿ ತೋರಿಸಿದ ಪ್ರತಿದಿನವೂ ಮನೆಗೆ ಬಂದು, ದಪ್ಪ ಹೊದಿಕೆಯೊಳಗೆ ಎರಡು ಗಂಟೆ ಮಾತಿಲ್ಲದೆ ಬಿದ್ದಿರುತ್ತಿದ್ದೆ. ನಿಮ್ಮ ಕಚೇರಿಯಿಂದ ಬಂದ ದಿನವೂ.

ಪ್ರಮಾಣಪತ್ರ ತಂದರೆ ಪರೀಕ್ಷೆಗೆ ಬೇರೆ ಕೋಣೆ ಕೊಡುತ್ತೇವೆಂದು ಕಾಲೇಜಿನವರು ಹೇಳಿದ್ದರು. ತರಲಾಗಲಿಲ್ಲ. ಇನ್ನೂರು ಜನರ ಸಭಾಂಗಣದಲ್ಲಿ, ಕಟಕಟ ಎನ್ನುವ ಫ್ಯಾನಿನ ಕೆಳಗೆ ನನ್ನ ನಂಬರು ಬಂತು. ಮೊದಲ ಎರಡು ಉತ್ತರ ಬರೆದೆ. ಆಮೇಲೆ ಫ್ಯಾನಿನ ಸದ್ದು, ಹಾಳೆ ಮಗುಚುವ ಸದ್ದು, ಯಾರದೋ ಕೆಮ್ಮು ಎಲ್ಲ ಒಟ್ಟಾಗಿ ತಲೆಯೊಳಗೆ ನುಗ್ಗಿದವು. ಕಿವಿ ಮುಚ್ಚಿಕೊಂಡು ಡೆಸ್ಕಿನ ಕೆಳಗೆ ಕುಳಿತುಬಿಟ್ಟೆ. ನಾನು ನಕಲು ಚೀಟಿ ಹುಡುಕುತ್ತಿದ್ದೇನೆಂದು ಮೇಲ್ವಿಚಾರಕರು ಅಂದುಕೊಂಡರು. “ಏನೇ ನಾಟಕ? ಏಳು ಮೇಲೆ!” ಎಂದು ರಟ್ಟೆ ಹಿಡಿದೆಳೆದರು. ನಾನು ಅವರ ಕೈ ಕಚ್ಚಿದೆ. ರಕ್ತ ಬಂತು.

ಕಚ್ಚಿದ್ದು ತಪ್ಪು. ಕ್ಷಮೆ ಕೇಳಿ ಬರೆದುಕೊಟ್ಟಿದ್ದೇನೆ. ಆದರೆ ಪ್ರಾಂಶುಪಾಲರು ಹೇಳಿದ್ದಿಷ್ಟೇ: “ಪತ್ರ ಇದ್ದಿದ್ರೆ ತೊಂದರೆ ಅಂತ ನೋಡ್ತಿದ್ವಿ. ಪತ್ರ ಇಲ್ಲ, ಹಾಗಾಗಿ ಇದು ದುರ್ನಡತೆ.” ಹೆಸರು ಹೊಡೆದುಹಾಕಿದರು.

ಅವತ್ತು ಚಿಕ್ಕಮ್ಮ ನಮ್ಮ ಅಡುಗೆಮನೆಯಲ್ಲಿ ನಿಂತು ಅತ್ತಳು. “ನಾನೇ ಕಣೇ ನಿನ್ನ ಕೆಡಿಸಿದ್ದು. ಸುಮ್ನೆ ಇದ್ದ ಹಾಗೇ ಬಿಟ್ಟಿದ್ರೆ ಪತ್ರ ಸಿಗ್ತಿತ್ತು” ಎಂದಳು. ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅವಳೀಗ ಬರುವುದು ಅಪರೂಪ.

ಮರುಪರಿಶೀಲನೆ ಕೋರಿ ಬಂದಾಗ ನಿಮ್ಮ ಗುಮಾಸ್ತರು ಅಮ್ಮನಿಗೆ ಕಿವಿಮಾತು ಹೇಳಿದರು: “ಮುಂದಿನ ಸಲ ತಲೆ ಬಾಚಿಸ್ಬೇಡಿ. ಕೇಳಿದ್ದಕ್ಕೆ ಉತ್ತರ ಕೊಡದ ಹಾಗೆ ನೋಡ್ಕೊಳ್ಳಿ. ಕೆಲಸ ಆಗತ್ತೆ.” ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಮ್ಮ ಬಸ್ಸಿನಲ್ಲಿ, “ಒಂದೇ ದಿನ ತಾನೇ ಪುಟ್ಟಿ?” ಎಂದಳು. ಆಗಲ್ಲ ಎಂದೆ. ಮಾನ್ಯರೇ, ಸರಿಯಿರುವಂತೆ ನಟಿಸಿದ್ದಕ್ಕೆ ಕಾಲೇಜು ಕಳೆದುಕೊಂಡವಳು, ಕಾಲೇಜಿಗಾಗಿ ಈಗ ಇಲ್ಲದ ದಡ್ಡತನ ನಟಿಸಬೇಕೇ? ಇದು ವೈದ್ಯಕೀಯ ಮಂಡಳಿಯೋ, ನಾಟಕ ಮಂಡಳಿಯೋ?

ನನ್ನ ಬೇಡಿಕೆ ಇಷ್ಟು. ನನ್ನನ್ನು ಮತ್ತೆ ಪರೀಕ್ಷಿಸಿ. ಒಂದಿಡೀ ದಿನ ತೆಗೆದುಕೊಳ್ಳಿ. ವರದಿಗಳನ್ನು ಬಿಚ್ಚಿ ಓದಿ. ನಾನು ಮನೆ ಸೇರಿದ ಮೇಲೆ ಏನಾಗುತ್ತೇನೆಂದು ಅಮ್ಮನನ್ನು ಕೇಳಿ, ಅವಳು ಹೇಳಿದ್ದನ್ನು ಬರೆದುಕೊಳ್ಳಿ. ಅಷ್ಟಾದ ಮೇಲೂ ಇಲ್ಲವೆನ್ನುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಿ. ಅದನ್ನು ನಾನು ಮೊದಲು, ತಪ್ಪು ತನ್ನದೆಂದೇ ನಂಬಿರುವ ಚಿಕ್ಕಮ್ಮನಿಗೆ ಓದಿ ಹೇಳಬೇಕಾಗಿದೆ.

ಇಂತಿ,
ಸದ್ಯಕ್ಕೆ ಯಾವ ಕಾಲೇಜಿನ ಹಾಜರಿಯಲ್ಲೂ ಹೆಸರಿಲ್ಲದ ಒಬ್ಬ ವಿದ್ಯಾರ್ಥಿನಿ