ನಿನ್ನ ಮನೆಯ ಎಣ್ಣೆ ಡಬ್ಬ

ಹಿರಿಯೂರು
೬ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಶಬನಾ,

ನೀನು ಫೋನು ಎತ್ತುತ್ತಿಲ್ಲ, ಮೂರು ಸಲ ಬಂದರೂ ಗೇಟು ತೆಗೆಯಲಿಲ್ಲ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ನನ್ನ ಅಕ್ಷರವನ್ನಾದರೂ ಹರಿಯದೆ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

ಮನೆಮನೆಯ ಕರಿದ ಎಣ್ಣೆ ಒಟ್ಟು ಮಾಡಿ, ಡೀಸೆಲ್ ಮಾಡುವ ಘಟಕಕ್ಕೆ ಕಳಿಸುತ್ತೇವೆ ಅಂತ ನಾನೂ ನಮ್ಮನೆಯವರೂ ಹೊರಟಾಗ ಎಲ್ಲರೂ ಮೂಗು ಮುರಿದರು. ನೀನೊಬ್ಬಳೇ ಡಬ್ಬ ಇಸಿದುಕೊಂಡೆ. "ಮೋರಿಗೆ ಸುರಿಯೋದಕ್ಕಿಂತ ಯಾವುದಾದ್ರೂ ಲಾರಿ ಓಡ್ಲಿ ಬಿಡೇ" ಅಂದೆ. ನಿಮ್ಮ ಓಣಿಯ ಇಪ್ಪತ್ತು ಮನೆಗೆ ನೀನೇ ಕರೆದುಕೊಂಡು ಹೋದೆ. ನಿನ್ನ ಡಬ್ಬದ ಮೇಲೆ ನೀನೇ ಮಾವನವರ ಹೆಸರು ಹಾಕಿ 'ಫಜಲುಲ್ಲಾ ಮನೆ' ಅಂತ ಬರೆದೆ.

ರಂಜಾನ್ ಶುರುವಾದ ಮೇಲೆ ಡಬ್ಬಗಳು ಬೇಗ ಬೇಗ ತುಂಬಿದವು. ಆಗಲೇ ಘಟಕದ ಗಾಡಿ ಮೂರು ವಾರ ಬರಲಿಲ್ಲ. ನಮ್ಮ ನಡುಮನೆಯಲ್ಲಿ ಮೂವತ್ತೆಂಟು ಡಬ್ಬ. ಬಿಸಿಲಿಗೆ ಮುಚ್ಚಳ ಉಬ್ಬಿ ಎಣ್ಣೆ ಜಿನುಗಿತು. ಮೀನಿನ ಚೂರು, ಹೆಪ್ಪುಗಟ್ಟಿದ ಕೊಬ್ಬು, ಕಪ್ಪು ಗಸಿ, ಅದರಲ್ಲಿ ಸತ್ತ ಜಿರಲೆ. ತಲೆಕೂದಲು, ದಿಂಬು, ತಟ್ಟೆಯ ಅನ್ನ ಎಲ್ಲಕ್ಕೂ ಕಮಟು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದರೆ ಜಿಡ್ಡಿಗೆ ಬೆರಳು ಜಾರಿತು. ಅಲ್ಲೇ ವಾಂತಿ ಮಾಡಿಕೊಂಡೆ.

ಬಜ್ಜಿ ಅಂಗಡಿ ಮೂರ್ತಪ್ಪ ಕೇಳುತ್ತಲೇ ಇದ್ದ, "ಎರಡು ಡಬ್ಬ ಕೊಡ್ರಿ, ಒಲೆ ಹೊತ್ತಿಸಾಕೆ ಬೇಕಾಗೈತೆ" ಅಂತ. ಇವರು ಕೊಟ್ಟುಬಿಟ್ಟರು.

ನಾಲ್ಕು ದಿನ ಕಳೆದು ಸಂಜೆ ನಾವಿಬ್ಬರೂ ಅದೇ ಅಂಗಡಿಗೆ ಹೋದೆವು. ಇಫ್ತಾರಿಗೆ ನೀನು ಮೆಣಸಿನಕಾಯಿ ಬಜ್ಜಿ ಕಟ್ಟಿಸಿದೆ. ಬಾಣಲೆಯ ಎಣ್ಣೆ ಟಾರಿನಂತಿತ್ತು, ನೊರೆ ಉಕ್ಕುತ್ತಿತ್ತು. ಆ ವಾಸನೆ ನನಗೆ ತಿಳಿಯದೆ ಇರುತ್ತದೆಯೇ? "ಉಪವಾಸ ನಂಗೆ, ನಿಂಗಲ್ಲ, ತಿನ್ನೇ" ಅಂತ ಬಿಸಿ ಬಜ್ಜಿಯೊಂದನ್ನು ನನ್ನ ಕೈಗಿಟ್ಟೆ. ನಾನು ತಿಂದೆ ಶಬನಾ. ಬಾಯಿ ಬಿಟ್ಟರೆ ಎಲ್ಲ ಮುಗಿಯುತ್ತದೆ ಅಂತ ಹೆದರಿ, ನಿನ್ನ ಮುಖ ನೋಡುತ್ತಲೇ ನುಂಗಿದೆ. ಪೊಟ್ಟಣ ಹಿಡಿದು ನೀನು ಮಗಳ ಹತ್ತಿರ ಹೊರಟಾಗಲೂ ತಡೆಯಲಿಲ್ಲ.

ಮಾರನೇ ದಿನ ಮಾಹೀರಾ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದಳು. ನೀನು ಮೂರ್ತಪ್ಪನನ್ನು ಕೇಳಲು ಹೋದರೆ ಒಲೆಯ ಹಿಂದೆ ನಿನ್ನದೇ ಅಕ್ಷರದ ಡಬ್ಬ. ಅದನ್ನು ತಂದು ಇವರ ಕಾಲ ಬುಡಕ್ಕೆ ಎಸೆದೆ. "ನಿರಂಜನಣ್ಣಾ, ನಾವ್ ಬಿಸಾಕಿದ ಎಣ್ಣೇನೇ ನನ್ನ ಮಗೀಗೆ ತಿನ್ನಿಸಿದ್ರಲ್ಲ, ನಿಮ್ಗೆ ಹೇಸಿಗೆ ಆಗ್ಲಿಲ್ವಾ?" ಅಂದೆ. ಇವರು ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ನಿಂತರು.

ಮೂರ್ತಪ್ಪನ ಮೇಲೆ ದೂರು ಕೊಟ್ಟಿದ್ದೇನೆ, ಅಂಗಡಿ ಮುಚ್ಚಿಸಿದ್ದಾರೆ. ಗುರುವಾರ ಘಟಕದ ಗಾಡಿ ಬಂತು. ಈ ಸಲ ನಾನೇ ಜೊತೆಗೆ ಹೋಗಿ, ಕೊನೆಯ ಡಬ್ಬ ಸುರಿಯುವವರೆಗೂ ನಿಂತಿದ್ದೆ. ಅಲ್ಲಿಯವರು ಲೋಟದಲ್ಲಿ ತಿಳಿ ಹಳದಿ ಡೀಸೆಲ್ ತೋರಿಸಿದರು. ಅಂಥ ಗಲೀಜು ಇಷ್ಟು ಚೊಕ್ಕಟವಾಗಿತ್ತು. ನೋಡುತ್ತ ನಿಂತ ನನಗೆ ನನ್ನ ಮೈಯೇ ಅಸಹ್ಯವಾಯಿತು.

ಮಾಹೀರಾ ಊಟ ಮಾಡುತ್ತಿದ್ದಾಳಾ? ಅಷ್ಟನ್ನಾದರೂ ತಿಳಿಸು.

ನಿನ್ನ ಗೆಳತಿ ಅನ್ನಿಸಿಕೊಂಡಿದ್ದ,
ಆಶಾರಾಣಿ

ಮತ್ತೆ: ಮಡಿಸಿದ ಕಾಗದ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಡಬ್ಬ ಕೊಟ್ಟಿದ್ದು ಇವರಲ್ಲ, ನಾನು. ಇವರು ಅವತ್ತು ಗಾಡಿ ಕಳಿಸಿ ಅಂತ ಕೇಳಲು ಚಿತ್ರದುರ್ಗಕ್ಕೆ ಹೋಗಿದ್ದರು. ವಾಂತಿ ಮಾಡಿಕೊಂಡ ಬಾಯಿ ಒರೆಸಿಕೊಂಡು, ಎರಡಾದರೂ ತೊಲಗಲಿ ಅಂತ ಕೊಟ್ಟೆ. ಒಲೆಗಲ್ಲ ಅನ್ನುವುದು ಮೂರ್ತಪ್ಪ ನಕ್ಕಾಗಲೇ ಗೊತ್ತಾಗಿತ್ತು. ನೀನು ಬೈಯುವಾಗ ಇವರಿಗೆ ಏನೂ ತಿಳಿದಿರಲಿಲ್ಲ. ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು, ನನ್ನ ಪಾಲಿನದನ್ನು ತಾವು ಕೇಳಿಸಿಕೊಂಡರು.