ಅವರನ್ನು ನಾವು, ನಮ್ಮನ್ನು ಅವರು

ಅಫ್ಸರ್ ಬಾನು,

ಕಳಿಸಲು ನಿನ್ನ ವಿಳಾಸ ನನ್ನ ಬಳಿಯಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಒಡೆದ ಸಮಾಜದಲ್ಲಿ ಅಧಿಕಾರ ಹಂಚುವ ಸಂವಿಧಾನ ಹೇಗಿರಬೇಕೆಂದು ಎಂ.ಎ. ಓದುವಾಗ ನಾವು ಜಗಳವಾಡುತ್ತಿದ್ದೆವಲ್ಲ, ಅದೇ ಪ್ರಶ್ನೆ ನೊಣವಿನಕೆರೆಯ ಕೊಬ್ಬರಿ ಮಂಡಿಯಲ್ಲಿ ಎದುರಾಯಿತು.

ಕೊಬ್ಬರಿ ಸುಲಿಯುವ ಹೆಂಗಸರ ಸಂಘಕ್ಕೆ ನಿಯಮಾವಳಿ ಬರೆದುಕೊಡಲು ಹೋಗಿದ್ದೆ. ಹಿಂದೂಗಳು ಮೂವತ್ತು ಮಂದಿ, ಮುಸ್ಲಿಮರು ಹನ್ನೊಂದು. ಬಹುಮತದಿಂದಲೇ ಎಲ್ಲ ನಡೆಯುವುದಾದರೆ ತಾವು ಸಂಘ ಬಿಡುತ್ತೇವೆಂದು ಶಿಫಾ ಎಂಬಾಕೆ ಎದ್ದು ನಿಂತಳು. ಸಮಿತಿಗೆ ಎರಡೂ ಕಡೆಯವರು ತಮ್ಮತಮ್ಮಲ್ಲೇ ಮೂವರು ಮೂವರನ್ನು ಆರಿಸಿ ಕಳಿಸಲಿ ಎಂದೆ.

"ಆಗ ಮೂರು ಜನ ಆ ಕಡೆ, ಮೂರು ಜನ ಈ ಕಡೆ. ದಿನಾ ಜಗಳ," ಎಂದಳು ಶಿಫಾ.

ಹಿರಿಯಳಾದ ರಾಮಲಕ್ಷ್ಮಮ್ಮ ನಕ್ಕಳು. "ನಾನ್ ಸುಲ್ದಿದ್ ರಾಶೀನ ನಾನೇ ವಿಂಗಡ್ಸಕ್ಕೆ ಬುಡ್ತಾರಾ? ಪಕ್ಕದೋಳು ವಿಂಗಡಿಸ್ತಾಳೆ. ಹಂಗೇ ನಿಮ್ಮೋರ್ನ ನಾವ್ ಆರುಸ್ತೀವಿ, ನಮ್ಮೋರ್ನ ನೀವ್ ಆರ್ಸಿ ಕಣೇ."

"ನೀವು ಬೇಕಂತ ಬಾಯಿಲ್ಲದೋಳನ್ನ ಆರಿಸಿದ್ರೆ?"

"ನೀವೂ ನಮ್ಮಲ್ಲಿ ಅಂಥೋಳ್ನೇ ಆರುಸ್ತೀರ, ಬುಡು!"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ರಾಮಲಕ್ಷ್ಮಮ್ಮ ಮೆಲ್ಲಗೆ, "ನಿಮ್ಮಲ್ಲಿ ಯಾರು ಹೆಂಗೆ ಅಂತ್ಲೇ ನಂಗೊತ್ತಿಲ್ವಲ್ಲೇ," ಎಂದಳು.

ಒಂದು ಕಡೆಯ ಮೂವರನ್ನು ಇನ್ನೊಂದು ಕಡೆಯವರು ಆರಿಸುವುದೆಂದೇ ನಿಯಮ ಬರೆದುಕೊಂಡೆ. ಈ ಏರ್ಪಾಡು ಬಾಳುತ್ತದೋ ಇಲ್ಲವೋ, ನೋಡುವ ಆಸೆ. ನೀನಿದ್ದಿದ್ದರೆ ಹತ್ತು ತಪ್ಪು ಹುಡುಕುತ್ತಿದ್ದೆ.

ಹಾಸ್ಟೆಲ್ ಚುನಾವಣೆಯಲ್ಲಿ ನೀನು ಎರಡು ಮತದಿಂದ ಸೋತ ದಿನ, "ನಿನ್ನ ವೋಟಂತೂ ನನಗೇ ಬಿತ್ತಲ್ಲ" ಎಂದು ನನ್ನ ಕೈ ಹಿಡಿದಿದ್ದೆ. ನಿಜ ಹೇಳಲಾರದೆ ನಾನು ಟೀ ತರುತ್ತೇನೆಂದು ಎದ್ದು ಹೋದೆ.