ಒಂದು ಹಿಡಿ ಹೆಚ್ಚಿನ ಹಿಟ್ಟು

ಭಾಲ್ಕಿ
ಭಾನುವಾರ, ೧೨ ಜನವರಿ ೨೦೨೫

ಕೋಪ ಮಾಡಿಕೊಂಡು ಬೀದರಿನಲ್ಲಿ ಕುಳಿತಿರುವ ಮಗಳು ಮಲ್ಲೇಶ್ವರಿಗೆ, ಮೈಮೇಲಿನ ಹಿಟ್ಟು ಕೊಡವಿಕೊಂಡು ಭಾಲ್ಕಿಯಲ್ಲಿ ಕುಳಿತಿರುವ ಅವ್ವನ ಆಶೀರ್ವಾದ.

ನಾಳೆ ಭೋಗಿ. ಬೆಳಗಿನಿಂದ ಗಿರಣಿಯ ಮುಂದೆ ಹಬ್ಬದ ರೊಟ್ಟಿಗೆಂದು ಸಜ್ಜೆಯ ಚೀಲಗಳ ಸಾಲು ಹಚ್ಚಿದ್ದಾರೆ. ಈಗ ಕರೆಂಟ್ ಹೋಗಿದೆ. ಎಲ್ಲರಿಗೂ ಮೂರು ಗಂಟೆಗೆ ಬನ್ನಿ ಎಂದು ಹೇಳಿ ಕಳಿಸಿ, ಬರೆಯಲು ಕುಳಿತೆ.

ಹೋದ ವಾರ ಬೀದರ ಬಸ್ ಸ್ಟ್ಯಾಂಡಿನಲ್ಲಿ ನಾನು ನಾಗಸೇನ ಅವರ ಜೊತೆ ಕಬ್ಬಿನ ಹಾಲು ಕುಡಿಯುವುದನ್ನು ನಿನ್ನ ನಾದಿನಿ ಕಂಡಳು, ನಿನಗೆ ಹೇಳಿದಳು. ನೀನು ಫೋನ್ ಮಾಡಿ ಕೇಳಿದ್ದು ಎರಡೇ ಮಾತು. "ಎಂದಿನಿಂದ ನಡದದ ಇದು? ಅಪ್ಪ ಇದ್ದಾಗಿಂದ ಏನ?" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡಿದೆ. ಎಂಟು ದಿನವಾಯಿತು, ಎತ್ತುತ್ತಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ ನೋಡು. ಹರಿದು ಹಾಕುವುದಿದ್ದರೂ ನಾಲ್ಕು ಸಾಲು ಓದಿಯೇ ಹರಿಯುತ್ತೀ.

ನಿನ್ನ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಲ್ಲ. ನಿನ್ನ ಅಪ್ಪ ಇರುವ ತನಕ ಬೇರೆ ಗಂಡಸಿನ ಮುಖವನ್ನು ನಾನು ಅವನು ತಂದ ಜೋಳದ ಚೀಲಕ್ಕಿಂತ ಹೆಚ್ಚು ನೋಡಿದವಳಲ್ಲ. ನೀನು ಹಾಗೆ ಕೇಳಿದ್ದರಿಂದ ನನಗೆ ನೋವಾಗಿದೆ, ಬಹಳ ನೋವಾಗಿದೆ. ಹೇಳಿಬಿಟ್ಟೆ, ಇನ್ನು ಆ ಮಾತು ಬೇಡ. ಮೊದಲನೆಯ ಪ್ರಶ್ನೆಗೆ ಬರುತ್ತೇನೆ. ಅದು ಉದ್ದದ ಕಥೆ.

ನಾಗಸೇನ ಅವರು ನಮ್ಮ ಗಿರಣಿಗೆ ಮೊದಲ ಸಲ ಬಂದದ್ದು ಹೋದ ವರ್ಷ ಹೋಳಿ ಹುಣ್ಣಿಮೆ ಮುಗಿದ ವಾರ. ಅಪ್ಪ ತೀರಿಕೊಂಡು ಆಗ ಎರಡೂವರೆ ವರ್ಷ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಒಂದೇ ಒಂದು ಕಿಲೋ ಜೋಳ. ಒಂದು ಕಿಲೋ ಬೀಸಿಸಲು ಯಾರು ಬರುತ್ತಾರೆ ಹೇಳು? ಅದರಲ್ಲಿ ಅರ್ಧ ಹಿಡಿ ಕಲ್ಲಿಗೇ ಅಂಟಿ ಹೋಗುತ್ತದೆ. ಮೂರು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಒಂದೇ ಕಿಲೋ. ಕೊಡುವ ಮೊದಲು ಚೀಲವನ್ನು ಬಲಗೈಯಲ್ಲಿ ಒಮ್ಮೆ, ಎಡಗೈಯಲ್ಲಿ ಒಮ್ಮೆ ಎತ್ತಿ ನೋಡುವರು. ಹಿಟ್ಟು ತೆಗೆದುಕೊಂಡ ಮೇಲೂ ಹಾಗೆಯೇ. ಮಾತಿಲ್ಲ ಕಥೆಯಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ, ಯಾರ ಮನೆಯ ಚೀಲ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ನನಗೆ ಅನ್ನ ಇಳಿಯುವುದಿಲ್ಲ. ಹರಕೆಯ ಹಿಟ್ಟೇ? ಕೆರೆಯ ಮೀನಿಗೆ ಹಾಕುತ್ತಾರೆಯೇ? ಮನೆಯಲ್ಲಿ ಹೆಂಗಸರಿಲ್ಲವೇ? ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ನಾಲ್ಕನೆಯ ಸಲ ಬಂದಾಗ ಅವರು ಬಗ್ಗಿ ನಮ್ಮ ತಕ್ಕಡಿಯನ್ನೇ ನೋಡತೊಡಗಿದರು.

ತಕ್ಕಡಿಗೆ ಆಗಾಗ ಸರ್ಕಾರದ ಮುದ್ರೆ ಹಾಕಿಸಬೇಕು. ಅದನ್ನೆಲ್ಲ ಅಪ್ಪ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನಾನು ಅದರ ಗೋಜಿಗೇ ಹೋಗಿರಲಿಲ್ಲ. ಈ ಮನುಷ್ಯ ತೂಕದ ಇಲಾಖೆಯವನು, ನಾನು ಹಿಟ್ಟು ಕದಿಯುತ್ತೇನೋ ಎಂದು ಪರೀಕ್ಷೆ ಮಾಡುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಅಂದಿನಿಂದ ಮಾರಾಟದ ಡಬ್ಬಿಯಿಂದ ಒಂದು ಹಿಡಿ ಹಿಟ್ಟು ತೆಗೆದು ಅವರ ಚೀಲಕ್ಕೆ ಹೆಚ್ಚಿಗೆ ಸುರಿಯತೊಡಗಿದೆ. ಅವರು ಬಂದರೆ ಸೆರಗಿನಿಂದ ಕುರ್ಚಿ ಒರೆಸುವುದು, "ಕುಂದರ್ರಿ ಸಾಹೇಬ್ರ" ಎನ್ನುವುದು. ಹೀಗೆ ಮೂರು ತಿಂಗಳು ನಡೆಯಿತು.

ಮೃಗಶಿರ ಮಳೆ ಹೊಡೆದ ಮರುದಿನ ಗಿರಣಿಯಲ್ಲಿ ಯಾರೂ ಇರಲಿಲ್ಲ. ಅವರು ಜೋಳವಿಲ್ಲದೆ ಬರಿಗೈಯಲ್ಲಿ ಬಂದರು. ನಿಂತುಕೊಂಡೇ ಹೇಳಿದರು: "ಅಂಜನಾಬಾಯಿಯವರ, ಔರಾದ ಪೋಸ್ಟ್ ಆಫೀಸಿನ್ಯಾಗ ಮೂವತ್ತಾರು ವರ್ಷ ಪಾರ್ಸಲ್ ತೂಗೀನ್ರಿ ನಾ. ಗಿರಣ್ಯಾಗ ಹಾಕಿದ್ದಕ್ಕಿಂತ ಹೆಚ್ಚು ಹೊಳ್ಳಿ ಬಂದದ್ದು ನಿಮ್ಮಲ್ಲಿ ಅಷ್ಟೇ ನೋಡೀನ್ರಿ. ಮಂದಿಗೆ ಇಲ್ಲದ್ದು ನನಗ ಒಬ್ಬಂಗೇ ಯಾಕ್ರಿ? ನಿಮ್ಮ ಮನಸಿನ್ಯಾಗ ಏನರ ಅದ ಏನ್ರಿ?"

ಅಯ್ಯ ಶಿವನೆ! ಗಾಬರಿಯಲ್ಲಿ ಕೊನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. "ಮುದ್ರಿ ಈ ತಿಂಗಳೇ ಹಾಕಸ್ತೀನ್ರಿ ಸಾಹೇಬ್ರ, ಕೇಸ್ ಮಾತ್ರ ಹಾಕಬ್ಯಾಡ್ರಿ" ಎಂದು ಕೈ ಮುಗಿದುಬಿಟ್ಟೆ. ಯಾವ ಮುದ್ರೆ, ಯಾವ ಕೇಸು ಎಂದು ಅವರು ಕಣ್ಣು ಕಣ್ಣು ಬಿಟ್ಟರು. ನಾನು ಎಲ್ಲ ಹೇಳಿದೆ. ಅವರ ಕಿವಿಯ ತುದಿಯ ತನಕ ಕೆಂಪಾಯಿತು. "ಮಾಫ್ ಮಾಡ್ರಿ, ನಾ ತಪ್ಪು ತಿಳ್ಕೊಂಡೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದವರು ತಿರುಗಿ ನೋಡಲಿಲ್ಲ.

ಮೊದಲ ಎರಡು ದಿನ ನಗು ಬಂತು. ಆಮೇಲೆ ಬರಲಿಲ್ಲ. ಮೂರನೆಯ ದಿನ ಅವರು ಬರಬೇಕಿತ್ತು, ಬರಲಿಲ್ಲ. ಆರನೆಯ ದಿನ, ಒಂಬತ್ತನೆಯ ದಿನ. ಹದಿನಾರು ದಿನ, ಮಲ್ಲೂ. ಯಾರ ಚಪ್ಪಲಿ ಸದ್ದಾದರೂ ನಾನು ಕತ್ತು ಉದ್ದ ಮಾಡುತ್ತಿದ್ದೆ. ಎಂದಿನಿಂದ ಎಂದು ಕೇಳಿದೆಯಲ್ಲ, ಆ ಹದಿನಾರು ದಿನ ಎಂದು ಬರೆದುಕೊ.

ಎದುರಿಗೆ ಬಳೆ ಅಂಗಡಿ ಇಟ್ಟಿರುವ ವಜೀರಬೀಗೆ ಊರಿನ ಎಲ್ಲ ಬಾಡಿಗೆ ಖೋಲಿಗಳೂ ಗೊತ್ತು. ಅವಳನ್ನು ಕೇಳಿಕೊಂಡು, ಒಂದು ಕಿಲೋ ಹಿಟ್ಟು ಬೀಸಿಕೊಂಡು ಅವರ ಖೋಲಿಗೆ ನಾನೇ ಹೋದೆ. ಬಾಗಿಲು ತೆರೆದಿತ್ತು, ಒಳಗೆ ತಪತಪ ಸದ್ದು. ನೋಡಿದರೆ ಮೊಣಕೈತನಕ ಹಿಟ್ಟು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಾರೆ! ರೊಟ್ಟಿ ಮೂರು ಕಡೆ ಸೀಳಿತ್ತು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಸೀಳುತ್ತದೆ ಎಂದು ಯಾರೋ ಹೇಳಿದ್ದರಂತೆ, ಅದಕ್ಕೆ ಮೂರು ದಿನಕ್ಕೊಮ್ಮೆ ಒಂದೇ ಕಿಲೋ. ಇಷ್ಟು ತಿಳಿಯಲು ನಾನು ಮೂರೂವರೆ ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಅವರ ಹೆಂಡತಿ ಮಹಾಮಾಯಾ ಲಕ್ವ ಹೊಡೆದು ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡರಂತೆ. "ಕಡೀಕಡೀಗೆ ರೊಟ್ಟಿ ಬೇಕು ಅಂತಿದ್ದಳ್ರಿ. ಖಾನಾವಳಿಯಿಂದ ತರ್ತಿದ್ದೆ. ಮುಟ್ಟಿ ನೋಡಿ ಬದಿಗಿಡ್ತಿದ್ದಳು. ಆಗ ಕಲೀಬೇಕಿತ್ತು ನಾ. ಈಗ ಕಲೀಲಿಕತ್ತೀನಿ, ಯಾರಿಗೋಸ್ಕರ ಅಂತ ನನಗೇ ಗೊತ್ತಿಲ್ಲರಿ" ಎಂದರು. ಔರಾದಿನ ಮನೆಯಲ್ಲಿ ಆ ಹಾಸಿಗೆ ನೋಡಿಕೊಂಡು ಇರಲಾರದೆ ಭಾಲ್ಕಿಗೆ ಬಂದವರು ಅವರು.

ನಾನು "ಸರೀರಿ ಅತ್ಲಾಗ" ಎಂದು ಕೈ ತೊಳೆದು ರೊಟ್ಟಿ ಬಡಿಯಲು ಕುಳಿತೆ. ನಿನ್ನಿಂದ ಮುಚ್ಚಿಟ್ಟ ಒಂದು ಮಾತು ಇಲ್ಲಿ ಹೇಳಬೇಕು. ಅಪ್ಪ ಹೋದ ಮೇಲೆ ನಾನು ರೊಟ್ಟಿ ಬಡಿದದ್ದೇ ಇಲ್ಲ. ನೀನು ಬಂದಾಗಲೆಲ್ಲ ಪಕ್ಕದ ಮನೆಯಿಂದ ತಂದು ಬುಟ್ಟಿಯಲ್ಲಿಡುತ್ತಿದ್ದೆ. ಊರಿಗೆಲ್ಲ ಹಿಟ್ಟು ಬೀಸುವವಳು ಒಬ್ಬಳೇ ಅನ್ನ ಸಾರು ತಿಂದುಕೊಂಡಿದ್ದೆ. ಅವರಿಗೂ ಇದನ್ನು ಹೇಳಿದೆ. ಅವರು "ಹ್ಯಾಂಗ ಇದ್ದರ್ರಿ ಬಕ್ಕಪ್ಪನವರು?" ಎಂದು ಕೇಳಿದರು.

ಮಲ್ಲೂ, ಹಾಗೆ ಕೇಳುವವರು ಈ ಊರಲ್ಲಿ ಉಳಿದೇ ಇರಲಿಲ್ಲ. ನಾನು ಅತ್ತೇನೆಂದು ಎಲ್ಲರೂ ನಿನ್ನ ಅಪ್ಪನ ಹೆಸರು ನುಂಗುತ್ತಿದ್ದರು, ನೀನೂ ಸೇರಿ. ನಾನು ಹೇಳುತ್ತ ಹೋದೆ. ಕೊನೆಯ ಬೆಳಗಿನದೂ ಹೇಳಿದೆ. ಗಿರಣಿಯ ಬೆಲ್ಟ್ ತಿರುಗುತ್ತಿತ್ತು. ಎದೆ ಉರಿಯುತ್ತದೆ ಎಂದರು ನಿನ್ನ ಅಪ್ಪ. "ಇನ್ನ ಮೂರ ಚೀಲ ಅವ, ಮುಗಿಸಿ ಮಲಗ್ರಿ" ಎಂದೆ ನಾನು. ಮುಗಿಸಲಿಲ್ಲ ಅವರು. ಈ ಮಾತು ನಿನಗೂ ಹೇಳಿರಲಿಲ್ಲ.

ನಾಗಸೇನ ಅವರು ಸಮಾಧಾನ ಮಾಡಲಿಲ್ಲ. ಮೂರು ಚೀಲಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರು. ಅರ್ಧ ಗಂಟೆ ಎಂದೆ. "ಅರ್ಧ ಗಂಟೆ ಮೊದಲ ಮಲಗಿದ್ದರ ಉಳೀತಿದ್ದರೇನ್ರಿ?" ಎಂದರು. ನನಗೆ ಗೊತ್ತಿಲ್ಲ ಎಂದೆ. "ನನಗೂ ಗೊತ್ತಿಲ್ಲರಿ. ಗೊತ್ತಿಲ್ಲದ್ದಕ್ಕ ಇಷ್ಟು ವರ್ಷ ಶಿಕ್ಷಾ ಕೊಟ್ಟಕೊಂಡೀರಿ" ಎಂದರು. ನಾನು ಅತ್ತೆ, ಮನಸಾರೆ ಅತ್ತೆ. ಅತ್ತು ಎದ್ದು ಎರಡು ರೊಟ್ಟಿ ತಿಂದೆ.

ನೀನು ಬಾಯಿಬಿಟ್ಟು ಕೇಳದ ಇನ್ನೊಂದು ಮಾತಿದೆ. ಅವರು ಬೌದ್ಧರು, ನಾವು ಕುರಿ ಕಾಯ್ದುಕೊಂಡು ಬಂದ ಮನೆತನದವರು. ನಿನ್ನ ವಯಸ್ಸಿನಲ್ಲಿ ನಾನು ಅವರ ಜನರ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲ, ಅದು ನನ್ನ ಸಣ್ಣತನ. ನಿನ್ನ ಅತ್ತೆ ಏನು ಅನ್ನುತ್ತಾರೆ, ಆ ಮಾತುಗಳನ್ನು ಮನೆಯಲ್ಲಿ ದಿನಾ ಕೇಳಬೇಕಾದವಳು ನೀನು ಎಂಬುದೂ ನನಗೆ ಗೊತ್ತು. ಆ ಒಂದಕ್ಕೆ ಮಾತ್ರ ನಿನ್ನ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದಿಲ್ಲ.

ನಿನ್ನ ನಾದಿನಿ ಕಂಡ ದಿನ ಬೀದರಿಗೆ ನಾವು ಬಂದದ್ದು ತಕ್ಕಡಿಗೆ ಮುದ್ರೆ ಹಾಕಿಸಲು. ಕೆಲಸ ಆಯಿತು. ಫೆಬ್ರುವರಿ ಹದಿನೇಳು, ಸೋಮವಾರ, ಹನ್ನೊಂದು ಗಂಟೆಗೆ ಭಾಲ್ಕಿಯ ರಿಜಿಸ್ಟ್ರಾರ್ ಆಫೀಸಿನಲ್ಲಿ ನಮ್ಮಿಬ್ಬರ ಮದುವೆಯ ಸಹಿ. ಸಾಕ್ಷಿಗೆ ಮೂರು ಜನ ಬೇಕು. ವಜೀರಬೀ ಒಬ್ಬಳು, ನಾಗಸೇನ ಅವರ ತಮ್ಮ ಒಬ್ಬ. ಮೂರನೆಯದಕ್ಕೆ ಯಾರನ್ನೂ ಕೇಳಿಲ್ಲ. ನೀನು ಬರದಿದ್ದರೆ ನಾನು ಅಳುತ್ತೇನೆ, ಬೀದಿಯಲ್ಲಿ ಸಿಕ್ಕವರನ್ನು ಕರೆದು ಸಹಿ ಹಾಕಿಸುತ್ತೇನೆ. ಮದುವೆ ನಿಲ್ಲಿಸುವುದಿಲ್ಲ. ಆದರೆ ನೀನಿಲ್ಲದೆ ಅದು ಅರೆಬರೆ.

ಕರೆಂಟ್ ಬಂತು. ಹೊರಗೆ ಜನ ಕೂಗುತ್ತಿದ್ದಾರೆ.

ನೀನು ಬೈಯಲಾದರೂ ಬರಬೇಕೆಂದು ದಾರಿ ನೋಡುವ
ನಿನ್ನ ಅವ್ವ,
ಅಂಜನಾಬಾಯಿ ಬಕ್ಕಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ತೂಕದ ಸಾಹೇಬರೆಂಬ ಹೆದರಿಕೆ ನನಗೆ ಇದ್ದದ್ದು ಒಂದೇ ವಾರ. "ಅಂವ ಎಲ್ಲೀ ಸಾಹೇಬ ಅಂಜನಾ, ಔರಾದ ಪೋಸ್ಟಿನ ರಿಟೈರ್ ಆದ್ಮಿ" ಎಂದು ವಜೀರಬೀ ಆಗಲೇ ನಕ್ಕಿದ್ದಳು. ತಿಳಿದ ಮೇಲೂ ಉಳಿದ ಅಷ್ಟೂ ದಿನ ನಾನು ಆ ಹಿಡಿ ಹಿಟ್ಟು ಹಾಕಿದೆ. ಅವರು ಬಂದು ಕೇಳಿದಾಗ ಕೊನೆಯ ಮಾತು ನನಗೆ ಚೆನ್ನಾಗಿಯೇ ಕೇಳಿಸಿತ್ತು. ಹೂಂ ಎನ್ನಲು ಧೈರ್ಯ ಸಾಲದೆ ಮುದ್ರೆ, ಕೇಸು ಎಂದು ನಾಟಕ ಮಾಡಿದೆ. ತಪ್ಪು ತಿಳಿದದ್ದು ತಾನೇ ಎಂದು ಆ ಮನುಷ್ಯ ಇವತ್ತಿಗೂ ನಂಬಿದ್ದಾರೆ. ಅವರಿಗೂ ಹೇಳಿಲ್ಲ. ಎಂದಿನಿಂದ ಎಂದು ಮೊದಲು ಕೇಳಿದವಳು ನೀನು, ಅದಕ್ಕೆ ನಿನಗೇ ಮೊದಲು ಹೇಳುತ್ತಿದ್ದೇನೆ.